ಆರ್ಕೆಸ್ಟ್ರಾನಾ, ಸ್ವಂತ ಬ್ಯಾಂಡಾ, ಒಬ್ಬರೇನಾ? ಸ್ವಂತ ಹಾಡು ಬರೆಯುವ ಮಲೆನಾಡಿನವರಿಗೆ ಒಂದು ಹೋಲಿಕೆ

ಶಿವಮೊಗ್ಗದ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿದವನು ನಾನು. ಈಗ ಮನೆಯ ಒಂದು ಕೋಣೆಯಲ್ಲಿ ಹಾಡು ರೆಕಾರ್ಡ್ ಮಾಡಿಕೊಡುತ್ತೇನೆ. ಸಾಗರ, ತೀರ್ಥಹಳ್ಳಿ, ಹೊಸನಗರ, ಶಿಕಾರಿಪುರದ ಕಡೆಯಿಂದ ಹಾಡುವ ಹುಡುಗರು, ಹುಡುಗಿಯರು ಬರುತ್ತಾರೆ. ಬಹಳ ಜನ ಬರುವುದು ಸಿನಿಮಾ ಹಾಡಿನ ಕವರ್ (ಅದೇ ಹಾಡನ್ನು ತಮ್ಮ ದನಿಯಲ್ಲಿ ಹಾಡಿದ್ದು) ಮಾಡಿಸಲು. ಕೆಲಸ ಮುಗಿದು ಕಾಫಿ ಕುಡಿಯುವಾಗ ಮೊಬೈಲ್ ತೆಗೆದು, "ಅಣ್ಣಾ, ಇದು ನಾನೇ ಬರೆದಿದ್ದು, ಒಂದ್ಸಲ ಕೇಳ್ತೀರಾ?" ಎನ್ನುತ್ತಾರೆ. ಎಷ್ಟೋ ಸಲ ಅವತ್ತು ರೆಕಾರ್ಡ್ ಮಾಡಿದ ಹಾಡಿಗಿಂತ ಮೊಬೈಲ್‌ನಲ್ಲಿರುವುದೇ ಚೆನ್ನಾಗಿರುತ್ತದೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ಆರ್ಕೆಸ್ಟ್ರಾ ಟೀಮ್ ಬಿಟ್ಟು ಸೋಲೋ ಮಾಡ್ಲಾ? ಬೆಂಗಳೂರಿಗೆ ಹೋಗ್ಲಾ? ಯಾವುದಾದ್ರೂ ಆಡಿಯೋ ಕಂಪನಿಗೆ ಕೊಡ್ಲಾ?

ಈ ಬರಹ ಅವರಿಗಾಗಿ. ನಾಲ್ಕೈದು ದಾರಿಗಳಿವೆ. ದುಡ್ಡು, ಸಮಯ, ಕಲಿಕೆ ಎಲ್ಲವನ್ನೂ ಅಳೆಯೋಣ. ಆದರೆ ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಬೇರೆ. ಈ ದಾರಿಯಲ್ಲಿ ಹೋದರೆ ಐದು ವರ್ಷದ ಮೇಲೆ ಹಾಡು ಯಾರದ್ದಾಗಿರುತ್ತದೆ? ವೇದಿಕೆ, ಮೈಕು, ಊರು ಎಲ್ಲವನ್ನೂ ಆಮೇಲೆ ಬದಲಾಯಿಸಬಹುದು. ಒಮ್ಮೆ ಬರೆದುಕೊಟ್ಟ ಹಾಡನ್ನು ವಾಪಸ್ ತರುವುದು ತುಂಬಾ ಕಷ್ಟ.

ಆರ್ಕೆಸ್ಟ್ರಾದಲ್ಲೇ ಇರುವುದು

ಇಲ್ಲಿ ದುಡ್ಡು ಬರುತ್ತದೆ. ದೊಡ್ಡ ದುಡ್ಡಲ್ಲ, ಆದರೆ ಕಾರ್ಯಕ್ರಮ ಮುಗಿದ ರಾತ್ರಿಯೇ ಕೈಗೆ ಸಿಗುವ ದುಡ್ಡು. ಗಣಪತಿ ಕೂರಿಸಿದ ದಿನದಿಂದ ಶುರುವಾದರೆ ದಸರಾ, ನವೆಂಬರ್ ತಿಂಗಳಿಡೀ ರಾಜ್ಯೋತ್ಸವ, ಸಂಕ್ರಾಂತಿಯ ಮೇಲೆ ಜಾತ್ರೆಗಳು. ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಕಾಂಬಾ ಜಾತ್ರೆ ಇದ್ದ ವರ್ಷ ಕೇಳುವುದೇ ಬೇಡ. ಜೂನ್ ಬಂದು ಮಳೆ ಹಿಡಿಯಿತೆಂದರೆ ಪೆಂಡಾಲ್ ಇಲ್ಲ, ಪೇಮೆಂಟೂ ಇಲ್ಲ. ಆ ಮೂರು ತಿಂಗಳ ಖಾಲಿಯನ್ನು ಲೆಕ್ಕಕ್ಕೆ ಹಿಡಿದೇ ಆರ್ಕೆಸ್ಟ್ರಾದ ಸಂಪಾದನೆಯನ್ನು ಅಳೆಯಬೇಕು.

ಕಲಿಕೆಯ ವಿಷಯದಲ್ಲಿ ಆರ್ಕೆಸ್ಟ್ರಾವನ್ನು ಮೀರಿಸುವ ಶಾಲೆ ನಮ್ಮ ಕಡೆ ಇಲ್ಲ. ವೇದಿಕೆಯ ಮಾನಿಟರ್ ಸ್ಪೀಕರ್‌ನಲ್ಲಿ ತನ್ನ ದನಿಯೇ ಕೇಳದಿದ್ದರೂ ಶ್ರುತಿ ಬಿಡದೆ ಹಾಡುವುದು. ಬೇರೆಯವರಿಗಾಗಿ ಇಟ್ಟ ಸ್ಕೇಲ್‌ಗೆ ತಕ್ಷಣ ಹೊಂದಿಕೊಳ್ಳುವುದು. ಜನ ಚೀಟಿ ಬರೆದು ಕೇಳಿದ ಹಾಡನ್ನು ಎರಡು ನಿಮಿಷದಲ್ಲಿ ನೆನಪಿಗೆ ತರುವುದು. ರಾತ್ರಿ 10 ಆಯಿತೆಂದರೆ ಮೈಕ್ ನಿಲ್ಲಿಸಬೇಕು ಎಂಬ ನಿಯಮ 2000ರಿಂದ ಇದೆ. ಹಬ್ಬಗಳಿಗೆ ವರ್ಷಕ್ಕೆ 15 ದಿನದವರೆಗೆ ಮಾತ್ರ ಸರ್ಕಾರ ಮಧ್ಯರಾತ್ರಿ ತನಕ ಬಿಡಬಹುದು. ಹಾಗಾಗಿ ಭಾಷಣ, ಸನ್ಮಾನ ಮುಗಿದು ಉಳಿದ ಒಂದೂವರೆ ಗಂಟೆಯಲ್ಲಿ ಜನರನ್ನು ಹಿಡಿಯಬೇಕು. ಎಲ್ಲಿ ನಿಧಾನದ ಹಾಡು, ಎಲ್ಲಿ ಕುಣಿಸುವ ಹಾಡು ಎಂದು ಇದು ಕಲಿಸಿದಷ್ಟು ಚೆನ್ನಾಗಿ ಯಾರೂ ಕಲಿಸಲ್ಲ.

ಸಿಗದಿರುವುದು ಒಂದೇ. ಅಲ್ಲಿ ಹಾಡುವ ಯಾವ ಹಾಡೂ ನಿಮ್ಮದಲ್ಲ. ಹತ್ತು ವರ್ಷ ಹಾಡಿದರೂ ಜನ ನೆನಪಿಟ್ಟುಕೊಳ್ಳುವುದು ಮೂಲ ಗಾಯಕರನ್ನೇ. "ಅವರ ಹಾಗೇ ಹಾಡ್ತಾನೆ ಮಾರಾಯ" ಎನ್ನುವುದೇ ಇಲ್ಲಿನ ದೊಡ್ಡ ಹೊಗಳಿಕೆ. ಸ್ವಂತ ಹಾಡು ಬರೆಯುವವರಿಗೆ ಇದೇ ತೊಡಕಾಗುತ್ತದೆ. ಬೇರೆಯವರ ಉಸಿರು, ಬೇರೆಯವರ ಗಮಕ ಗಂಟಲಲ್ಲಿ ಕೂತುಬಿಡುತ್ತದೆ. ಸ್ವಂತ ಹಾಡನ್ನು ಹಾಡುವಾಗಲೂ ಅದೇ ಬರುತ್ತದೆ. ಇದನ್ನು ಬಿಡಿಸಿಕೊಳ್ಳಲು ನನಗೆ ಗೊತ್ತಿರುವ ಒಂದೇ ಉಪಾಯ ಹೇಳುತ್ತೇನೆ. ಸ್ವಂತ ಹಾಡನ್ನು ಮೊದಲು ಮಾತಿನಲ್ಲಿ ಹೇಳಿ, ಮನೆಯವರ ಜೊತೆ ಮಾತಾಡುವ ದನಿಯಲ್ಲಿ. ಆಮೇಲೆ ಅದೇ ದನಿಯಲ್ಲಿ ರಾಗ ಸೇರಿಸಿ.

ಆರ್ಕೆಸ್ಟ್ರಾದಲ್ಲಿದ್ದುಕೊಂಡೇ ಸ್ವಂತ ಹಾಡನ್ನು ಪರೀಕ್ಷೆ ಮಾಡಬಹುದು. ಆಯೋಜಕರ ಒಪ್ಪಿಗೆ ತೆಗೆದುಕೊಂಡು ನಾಲ್ಕನೆಯದೋ ಐದನೆಯದೋ ಆಗಿ ಒಂದು ಹಾಡು ಸೇರಿಸಿ. ನಿಮ್ಮದೇ ಎಂದು ಮೊದಲು ಹೇಳಬೇಡಿ, ಸುಮ್ನೆ ಹಾಡಿ. ಎರಡನೇ ಚರಣ ಬರುವ ಹೊತ್ತಿಗೆ ಹಿಂದಿನ ಸಾಲಿನವರು ಎದ್ದು ಹೋದರಾ, ಮುಂದಿನ ಮಕ್ಕಳು ಪಲ್ಲವಿ ಗುನುಗಿದರಾ ನೋಡಿ. ಯೂಟ್ಯೂಬ್‌ನ ಅಂಕಿಗಿಂತ ಇದು ನಂಬಿಕೆಯ ಲೆಕ್ಕ.

ಸ್ವಂತ ಹಾಡಿನ ಬ್ಯಾಂಡ್

ಇದು ಕಾಲೇಜಿನಲ್ಲಿ ಹುಟ್ಟುತ್ತದೆ. ನಾಲ್ಕು ಜನ ಗೆಳೆಯರು, ಒಂದು ಗಿಟಾರ್, ಒಂದು ಕಾಹಾನ್ (ಮೇಲೆ ಕೂತು ಬಾರಿಸುವ ಮರದ ಪೆಟ್ಟಿಗೆ), ಯುವಜನೋತ್ಸವದಲ್ಲಿ ಒಂದು ಬಹುಮಾನ. ಒಬ್ಬರೇ ಕೂತು ಬರೆದರೆ ಹೊಳೆಯದ ಬೇಸ್ ಸಾಲು, ತಾಳದ ತಿರುವು ಇಲ್ಲಿ ಹೊಳೆಯುತ್ತದೆ. ನನಗೆ ಇವತ್ತಿಗೂ ಬಹಳ ಇಷ್ಟವಾಗುವುದು ಬ್ಯಾಂಡಿನ ಹಾಡುಗಳೇ.

ಮಲೆನಾಡಿನಲ್ಲಿ ಇದರ ಕಷ್ಟವೂ ಎಲ್ಲರಿಗೂ ಗೊತ್ತು. ಡಿಗ್ರಿ ಮುಗಿದ ವರ್ಷ ಒಬ್ಬ ಬೆಂಗಳೂರಿಗೆ, ಒಬ್ಬ ಮಂಗಳೂರಿಗೆ, ಇನ್ನೊಬ್ಬ ಮನೆಯ ತೋಟಕ್ಕೆ. ಯಾರದ್ದೂ ತಪ್ಪಲ್ಲ. ಆದರೆ ಅಷ್ಟರಲ್ಲಿ ಆರೇಳು ಹಾಡು ಹುಟ್ಟಿರುತ್ತವೆ. ಅವು ಯಾರವು?

ಕಾನೂನು ಇದನ್ನು ಮೂರು ತುಂಡಾಗಿ ನೋಡುತ್ತದೆ. ಸಾಹಿತ್ಯ ಬರೆದವರಿಗೆ ಸಾಹಿತ್ಯದ ಹಕ್ಕು. ರಾಗ ಕಟ್ಟಿದವರಿಗೆ ಸಂಗೀತದ ಹಕ್ಕು. ರೆಕಾರ್ಡಿಂಗ್‌ನ ಹಕ್ಕು ಅದನ್ನು ಹೊಣೆ ಹೊತ್ತು ಮಾಡಿಸಿದ ನಿರ್ಮಾಪಕರಿಗೆ. ಬ್ಯಾಂಡಿನ ನಾಲ್ವರೂ ಸೇರಿ ದುಡ್ಡು ಹಾಕಿ ಮಾಡಿಸಿದ್ದರೆ ಆ ಹಳೇ ರೆಕಾರ್ಡಿಂಗನ್ನು ನೀವೊಬ್ಬರೇ ನಿಮ್ಮ ಹೆಸರಲ್ಲಿ ಹಾಕುವಂತಿಲ್ಲ. ಸಾಹಿತ್ಯ, ರಾಗ ಎರಡೂ ನಿಮ್ಮದಾಗಿದ್ದರೆ ಹಾಡನ್ನು ಹೊಸದಾಗಿ ರೆಕಾರ್ಡ್ ಮಾಡಬಹುದು. ರಾಗ ಇಬ್ಬರದ್ದಾಗಿದ್ದರೆ ಇಬ್ಬರ ಒಪ್ಪಿಗೆಯೂ ಬೇಕು. ಗೆಳೆತನ ಚೆನ್ನಾಗಿರುವಾಗಲೇ ಒಂದು ಹಾಳೆಯಲ್ಲಿ ಹಾಡಿನ ಹೆಸರು, ಯಾರು ಏನು ಮಾಡಿದ್ದು, ಯಾರಿಗೆ ಎಷ್ಟು ಪಾಲು ಎಂದು ಬರೆದು ಎಲ್ಲರೂ ಸಹಿ ಹಾಕಿ. ಬ್ಯಾಂಡಿನ ಹೆಸರು ಯಾರಿಗೆ ಉಳಿಯಬೇಕು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಇದು ಅನುಮಾನದ ಮಾತಲ್ಲ. ನಮ್ಮ ಕಡೆ ಅಣ್ಣತಮ್ಮಂದಿರು ಪಾಲಾಗುವಾಗಲೂ ಪತ್ರ ಮಾಡಿಕೊಳ್ಳುತ್ತಾರೆ, ಅಲ್ವಾ?

ಬ್ಯಾಂಡಿನಿಂದ ಒಬ್ಬರೇ ಹಾಡುವುದರತ್ತ ಹೋದ ಇಬ್ಬರನ್ನು ಕನ್ನಡಿಗರೆಲ್ಲ ಬಲ್ಲರು. ರಘು ದೀಕ್ಷಿತ್ ಮೈಸೂರಿನಲ್ಲಿ ಅಂತರಾಗ್ನಿ ಎಂಬ ಬ್ಯಾಂಡ್ ಕಟ್ಟಿದ್ದರು. ಆಮೇಲೆ ತಮ್ಮ ಹೆಸರಿನಲ್ಲೇ 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ಎಂಬ ತಂಡ ಮಾಡಿದರು. ಅದರ ಮೊದಲ ಆಲ್ಬಮ್ ಬಂದದ್ದು 2008ರಲ್ಲಿ, ಮುಂಬೈನ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಅವರ ಸಣ್ಣ ಲೇಬಲ್ (ಹಾಡು ಹೊರತರುವ ಕಂಪನಿ) ಮೂಲಕ. ಜೊತೆಗೆ ನುಡಿಸುವವರು ಬದಲಾಗುತ್ತಾ ಬಂದರೂ ಹಾಡಿಗೆ ಒಂದೇ ಹೆಸರು ಅಂಟಿಕೊಂಡಿತು. ವಾಸು ದೀಕ್ಷಿತ್ ಅವರದ್ದು ಬೇರೆ ದಾರಿ. ಸ್ವರಾತ್ಮ ಬ್ಯಾಂಡಿನ ಮುಂದಾಳಾಗಿ ಬೆಳೆದ ಅವರು ಆಮೇಲೆ ತಮ್ಮದೇ ಹೆಸರಿನ ಇನ್ನೊಂದು ತಂಡವನ್ನೂ ಕಟ್ಟಿಕೊಂಡರು. ಒಂದೇ ತಂಡಕ್ಕೆ ಅಂಟಿಕೊಳ್ಳಲೇಬೇಕು ಅಂತೇನೂ ಇಲ್ಲ.

ಮನೆಯಲ್ಲೇ ಕೂತು ಒಬ್ಬರೇ ಮಾಡುವುದು

ನಾನು ಬಹಳ ಜನರಿಗೆ ಹೇಳುವ ದಾರಿ ಇದು. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಮೊದಲು ಸಾಮಾನು. ಒಂದು ಲ್ಯಾಪ್‌ಟಾಪ್ ಇದ್ದರೆ ಆಡಿಯೋ ಇಂಟರ್ಫೇಸ್ (ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ಕಳಿಸುವ ಪೆಟ್ಟಿಗೆ), ಮೈಕ್, ಹೆಡ್‌ಫೋನ್ ಸೇರಿ ಸುಮಾರು 20 ಸಾವಿರ ರೂಪಾಯಿಯಲ್ಲಿ ಶುರು ಮಾಡಬಹುದು. ಹಾಡು ರೆಕಾರ್ಡ್ ಮಾಡುವ ರೀಪರ್ ಸಾಫ್ಟ್‌ವೇರನ್ನು 60 ದಿನ ಪುಕ್ಕಟೆ ಬಳಸಿ ನೋಡಬಹುದು, ಆಮೇಲೆ ಕೊಳ್ಳುವ ಬೆಲೆಯೂ ಕಡಿಮೆ. ಬ್ಯಾಂಡ್‌ಲ್ಯಾಬ್ ಮೊಬೈಲ್‌ನಲ್ಲೂ ನಡೆಯುತ್ತದೆ, ಪುಕ್ಕಟೆ. ಅಂಗಡಿಯವರು ಕಂಡೆನ್ಸರ್ ಮೈಕನ್ನೇ ತೋರಿಸುತ್ತಾರೆ. ಹಂಚಿನ ಮನೆ, ಗೋಡೆ ಪಕ್ಕದಲ್ಲೇ ಕೊಟ್ಟಿಗೆ ಇದ್ದರೆ ನಾನು ಡೈನಮಿಕ್ ಮೈಕ್ ತೆಗೆದುಕೊಳ್ಳಿ ಎನ್ನುತ್ತೇನೆ. ಕಂಡೆನ್ಸರ್ ಮೈಕ್ ಕೋಣೆಯ ಎಲ್ಲ ಸದ್ದನ್ನೂ ಹಿಡಿಯುತ್ತದೆ. ಮಳೆಗಾಲದ ತೇವ ಅದರೊಳಗೆ ಸೇರಿದರೆ ಚಟಪಟ ಅನ್ನಲು ಶುರುವಾಗುತ್ತದೆ. ಡೈನಮಿಕ್ ಮೈಕ್ ಬಾಯಿಯ ಹತ್ತಿರದ ದನಿಯನ್ನೇ ಹೆಚ್ಚು ಹಿಡಿಯುತ್ತದೆ, ತೇವಕ್ಕೂ ಅಷ್ಟು ಬೇಗ ಸೋಲಲ್ಲ. ಕಂಡೆನ್ಸರ್ ಈಗಾಗಲೇ ಇದ್ದರೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಗಿಟಾರನ್ನು ಮಳೆಗಾಲದಲ್ಲಿ ಗೋಡೆಗೆ ತೂಗುಹಾಕಬೇಡಿ, ಕೇಸಿನೊಳಗೇ ಇರಲಿ. ತೇವಕ್ಕೆ ಮರ ಉಬ್ಬಿದರೆ ತಂತಿ ಮೇಲೇರುತ್ತದೆ, ಬೆರಳು ನೋಯುತ್ತದೆ, ಶ್ರುತಿಯೂ ನಿಲ್ಲಲ್ಲ.

ಎರಡನೆಯದು ಕಾಲ. ಪಟ್ಟಣದವರಿಗೆ ಇದು ಅರ್ಥವೇ ಆಗಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಹಂಚಿನ ಮೇಲೋ ತಗಡಿನ ಮೇಲೋ ಬೀಳುವ ಮಳೆ ಸದ್ದಿನ ನಡುವೆ ದನಿ ರೆಕಾರ್ಡ್ ಮಾಡುವ ಮಾತೇ ಇಲ್ಲ. ಆಗುಂಬೆ, ಹುಲಿಕಲ್ ಕಡೆಯವರಿಗಂತೂ ಇನ್ನೂ ಕಷ್ಟ. ಮಾರ್ಚ್ ಮುಗಿಯುತ್ತಿದ್ದಂತೆ ಕಾಡಂಚಿನಲ್ಲಿ ಜೀರುಂಡೆ ಶುರು. ಆ ಸದ್ದು ಎಷ್ಟು ಮೇಲಿನ ಸ್ವರದಲ್ಲಿರುತ್ತದೆ ಎಂದರೆ, ಅದನ್ನು ಅಳಿಸಲು ಹೋದರೆ 'ಸ', 'ಶ'ಗಳ ಹೊಳಪೂ ಜೊತೆಗೆ ಹೋಗುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ಅಡಿಕೆ ಸುಲಿಯುವ ಮೆಷಿನ್. ಉಳಿಯುವುದು ಜನವರಿ, ಫೆಬ್ರವರಿ. ಗಾಳಿ ಒಣಗಿರುತ್ತದೆ, ರಾತ್ರಿ ನಿಶ್ಶಬ್ದ. ವಾರದ ನಡುವಿನ ದಿನಗಳಲ್ಲಿ ಜಾತ್ರೆಯ ಕಾರ್ಯಕ್ರಮಗಳೂ ಕಡಿಮೆ. ಆ ಎರಡು ತಿಂಗಳು ದನಿಗೆ. ಮಳೆಗಾಲ ಬರೆಯಲು, ಕೀಬೋರ್ಡ್ ಪ್ರೋಗ್ರಾಮ್ ಮಾಡಲು, ಮಿಕ್ಸ್ ಮಾಡಲು. ಆರ್ಕೆಸ್ಟ್ರಾ ಖಾಲಿ ಇರುವ ತಿಂಗಳುಗಳೂ ಅವೇ. ಹೀಗೆ ವರ್ಷವನ್ನು ಹಂಚಿಕೊಂಡರೆ ಟೀಮ್ ಬಿಡದೆಯೇ ಮೂರು ನಾಲ್ಕು ಹಾಡು ಹೊರತರಬಹುದು.

ಕೋಣೆಗೆ ದುಡ್ಡು ಹಾಕಬೇಡಿ. ಹಳೇ ಮನೆಯಲ್ಲಿ ಮರದ ಮುಚ್ಚಿಗೆ ಇರುವ ಕೋಣೆ ಇದ್ದರೆ ಅದನ್ನೇ ಆರಿಸಿ. ಕಂಬಳಿ, ಹಾಸಿಗೆ, ಬಟ್ಟೆ ತುಂಬಿದ ಬೀರು ಇರಲಿ. ತಾರಸಿ ಮನೆಯ ಖಾಲಿ ಕೋಣೆ ಗವಿಯಂತೆ ಮೊಳಗುತ್ತದೆ. ಕರೆಂಟ್ ಹೋದಾಗ ನಿಲ್ಲಿಸಬೇಡಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುವಾಗ ಅರ್ತಿಂಗ್ ಸರಿಯಿಲ್ಲದ ವೈರಿಂಗ್‌ನಿಂದ ಬರುವ 'ಮ್ಮ್' ಎಂಬ ಗುನುಗು ಇರಲ್ಲ. ಫ್ರಿಜ್, ಪಂಪ್ ಕೂಡ ನಿಂತಿರುತ್ತವೆ.

ಹಾಡನ್ನು 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿ. ನಾಲ್ಕು ನಿಮಿಷದ ಸ್ಟೀರಿಯೋ ಹಾಡು ಸುಮಾರು 70 ಎಂಬಿ ಆಗುತ್ತದೆ. ಊರಿನ ನೆಟ್‌ವರ್ಕ್ ಎಳೆಯದಿದ್ದರೆ ಪೇಟೆಗೆ ಬಂದಾಗ ಅಪ್‌ಲೋಡ್ ಮಾಡಿ, ವಾಟ್ಸಾಪ್‌ನಲ್ಲಿ ಕಳಿಸಲೇಬೇಡಿ. ಮಾಸ್ಟರಿಂಗ್‌ನಲ್ಲಿ (ಹಾಡಿಗೆ ಕೊಡುವ ಕೊನೆಯ ಹದ) ಸದ್ದನ್ನು ಜೋರು ಮಾಡಲು ಜಾಸ್ತಿ ಹಿಂಡುವುದರಿಂದ ಲಾಭವಿಲ್ಲ. ಸ್ಪಾಟಿಫೈ, ಯೂಟ್ಯೂಬ್ ಎರಡೂ ಜೋರಾದ ಹಾಡನ್ನು ಸುಮಾರು ಮೈನಸ್ 14 ಲಫ್ಸ್ (ಸದ್ದಿನ ಜೋರು ಅಳೆಯುವ ಮಾನ) ಮಟ್ಟಕ್ಕೆ ಇಳಿಸಿಯೇ ಕೇಳಿಸುತ್ತವೆ.

ಹೊರತರುವುದು: ನಾವೇ ಹಾಕುವುದಾ, ಕಂಪನಿಗೆ ಕೊಡುವುದಾ?

ಸ್ಪಾಟಿಫೈ, ಜಿಯೋಸಾವನ್, ಆಪಲ್ ಮ್ಯೂಸಿಕ್‌ಗೆ ಹಾಡು ಕಳಿಸಲು ವಿತರಕರು ಬೇಕು. ಮೂರು ಬಗೆ ಇದೆ. ಡಿಸ್ಟ್ರೋಕಿಡ್‌ನಂಥವರು ವರ್ಷದ ಫೀಸ್ ತೆಗೆದುಕೊಂಡು ರಾಯಲ್ಟಿಯನ್ನು (ಹಾಡು ಕೇಳಿದ್ದಕ್ಕೆ ಬರುವ ದುಡ್ಡು) ಪೂರ್ತಿ ಕೊಡುತ್ತಾರೆ. ಆದರೆ ಫೀಸ್ ನಿಲ್ಲಿಸಿದರೆ ಹಾಡು ಕೆಳಗಿಳಿಯುತ್ತದೆ, ಇಳಿಯದಂತೆ ಮಾಡಲು ಬೇರೆ ದುಡ್ಡು. ಸಿಡಿ ಬೇಬಿ ಒಮ್ಮೆ ಮಾತ್ರ ಫೀಸ್ ತೆಗೆದುಕೊಂಡು ಬಂದದ್ದರಲ್ಲಿ 9% ಇಟ್ಟುಕೊಳ್ಳುತ್ತದೆ. ರೂಟ್‌ನೋಟ್‌ನ ಪುಕ್ಕಟೆ ಯೋಜನೆಯಲ್ಲಿ ಫೀಸಿಲ್ಲ, 15% ಅವರಿಗೆ. ವರ್ಷಕ್ಕೆ ಎರಡೋ ಮೂರೋ ಹಾಡು ತರುವವರಿಗೆ ನನ್ನ ಸಲಹೆ ಎರಡನೆಯದು ಅಥವಾ ಮೂರನೆಯದು. ಒಂದು ವರ್ಷ ಕೈ ಬಿಗಿಯಾಯಿತೆಂದು ಹಾಡು ಮಾಯವಾಗಬಾರದು. ಪ್ರತಿ ರೆಕಾರ್ಡಿಂಗ್‌ಗೂ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತು ಸಿಗುತ್ತದೆ. ಅದನ್ನು ಡೈರಿಯಲ್ಲಿ ಬರೆದಿಡಿ. ವಿತರಕರನ್ನು ಬದಲಿಸಿದಾಗ ಅದೇ ಗುರುತು ಕೊಟ್ಟರೆ ಹಳೇ ಕೇಳುಗರ ಲೆಕ್ಕ ಹೊಸದಕ್ಕೂ ಸೇರಿಕೊಳ್ಳುತ್ತದೆ.

ದುಡ್ಡಿನ ನಿಜವನ್ನು ಮೊದಲೇ ತಿಳಿದಿರಬೇಕು. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ರಾಯಲ್ಟಿ ಇಲ್ಲ. 30 ಸೆಕೆಂಡು ದಾಟಿದರೆ ಮಾತ್ರ ಒಂದು ಸಲ ಎಂದು ಲೆಕ್ಕ. ಅದಕ್ಕೇ ಒಂದು ನಿಮಿಷದ ಕೊಳಲಿನ ಮುನ್ನುಡಿ ಇಡುವವರಿಗೆ ಎರಡು ಸಲ ಯೋಚಿಸಿ ಎನ್ನುತ್ತೇನೆ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಲು 1,000 ಸಬ್‌ಸ್ಕ್ರೈಬರ್‌ಗಳ ಜೊತೆ ಒಂದು ವರ್ಷದಲ್ಲಿ 4,000 ಗಂಟೆ ನೋಡಿದ ಲೆಕ್ಕ ಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ. ದುಡ್ಡು ಬರಲು ಶುರುವಾದ ಮೇಲೆ ತೆರಿಗೆ ಮಾಹಿತಿ ತುಂಬಲು ಮರೆಯಬೇಡಿ. ಪ್ಯಾನ್ ಕೊಟ್ಟು ಫಾರ್ಮ್ ತುಂಬಿದರೆ ಅಮೆರಿಕದ ನೋಡುಗರಿಂದ ಬಂದ ಭಾಗಕ್ಕೆ ಮಾತ್ರ 15% ಕಡಿತ. ತುಂಬದಿದ್ದರೆ ಎಲ್ಲ ದೇಶದಿಂದ ಬಂದದ್ದರಲ್ಲೂ 24% ತನಕ ಕಡಿತ ಆಗಬಹುದು.

ಇನ್ನು ಆಡಿಯೋ ಕಂಪನಿ. ಅವರ ಚಾನೆಲ್‌ಗೆ ಮೊದಲೇ ಲಕ್ಷಗಟ್ಟಲೆ ನೋಡುಗರಿರುತ್ತಾರೆ. ಊರಿನ ಹುಡುಗಿಯ ಹಾಡು ಅಲ್ಲಿ ಬಂದರೆ ಮನೆಯವರಿಗೂ ಹೆಮ್ಮೆ. ಆ ಆಸೆಯನ್ನು ನಾನು ಸಣ್ಣದು ಮಾಡಲ್ಲ. ಆದರೆ ಸಹಿ ಹಾಕುವ ಕಾಗದವನ್ನು ಓದಲೇಬೇಕು. ಕಂಡಿಷನ್ ಗೊತ್ತಿಲ್ಲದೆ ಹಾಡನ್ನು ಶಾಶ್ವತವಾಗಿ ಬರೆದುಕೊಟ್ಟ ಹುಡುಗರು ನಮ್ಮ ಕಡೆ ಇದ್ದಾರೆ. ತಮ್ಮದೇ ಹಾಡನ್ನು ತಮ್ಮ ಚಾನೆಲ್‌ಗೆ ಹಾಕಿದಾಗ ಅದರ ಮೇಲೆ ಕಾಪಿರೈಟ್ ಕ್ಲೇಮ್ ಬಂದು ಕೂತವರಿದ್ದಾರೆ.

1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಬರೆಯುವವರ ಕೈ ಹಿಡಿದಿದೆ. ರೆಕಾರ್ಡಿಂಗನ್ನು ಕಂಪನಿಗೆ ಕೊಟ್ಟರೂ ಸಾಹಿತ್ಯ, ಸಂಗೀತ ಬರೆದವರಿಗೆ ರಾಯಲ್ಟಿಯಲ್ಲಿ ಸಮಪಾಲು ಕೇಳುವ ಹಕ್ಕು ಇರುತ್ತದೆ. ಆ ಪಾಲನ್ನು ವಾರಸುದಾರರಿಗೆ ಅಥವಾ ಹಕ್ಕು ವಸೂಲಿ ಮಾಡುವ ಸಂಘಕ್ಕೆ ಬಿಟ್ಟು ಬೇರೆ ಯಾರಿಗೂ ಬರೆದುಕೊಡುವಂತಿಲ್ಲ. ಬಾಯಿಮಾತಿನ ವರ್ಗಾವಣೆ ನಡೆಯಲ್ಲ, ಬರಹದಲ್ಲಿ ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ ಎಂದೇ ಅರ್ಥ. ಯಾವ ದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಕಾಗದದಲ್ಲಿ ಬೇರೆ ರೀತಿ ಹೇಳಿಲ್ಲದಿದ್ದರೆ, ಹಕ್ಕು ತೆಗೆದುಕೊಂಡು ಒಂದು ವರ್ಷ ಸುಮ್ಮನೆ ಇಟ್ಟುಕೊಂಡವರಿಂದ ಅದು ಬಿದ್ದುಹೋಗುತ್ತದೆ. ಹಾಗಾಗಿ ಒಪ್ಪಂದದಲ್ಲಿ "ಶಾಶ್ವತವಾಗಿ", "ಜಗತ್ತಿನಾದ್ಯಂತ" ಎಂಬ ಪದ ಕಂಡಲ್ಲೆಲ್ಲ ಪೆನ್ ಇಟ್ಟು ಕೇಳಿ. ಮೂರು ವರ್ಷಕ್ಕೆ ಕೊಡ್ತೀನಿ, ರೆಕಾರ್ಡಿಂಗ್ ಮಾತ್ರ ಕೊಡ್ತೀನಿ ಎಂದು ಹೇಳಿ ನೋಡಿ. ಒಪ್ಪದಿದ್ದರೆ ಹಾಡನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಇನ್ನೂ ಬರೆಯುತ್ತೀರಿ, ಇನ್ನೂ ಕೇಳುವವರು ಬರುತ್ತಾರೆ.

ಕೃತಿಸ್ವಾಮ್ಯ ನೋಂದಣಿ ಕಡ್ಡಾಯವಲ್ಲ, ಹಾಡು ಹುಟ್ಟಿದಾಗಲೇ ಹಕ್ಕು ಹುಟ್ಟುತ್ತದೆ. ಆದರೂ ಬೇಕೆಂದರೆ ಸಾಹಿತ್ಯ ಅಥವಾ ಸಂಗೀತಕ್ಕೆ ತಲಾ 500, ಧ್ವನಿಮುದ್ರಣಕ್ಕೆ 2,000 ರೂಪಾಯಿ ಫೀಸ್. ಇದಕ್ಕಿಂತ ಮೊದಲು ಮಾಡಬೇಕಾದ್ದು ಐಪಿಆರ್‌ಎಸ್ ಸದಸ್ಯತ್ವ. 1969ರಿಂದ ಇರುವ ಈ ಸಂಘ ಬರೆಯುವವರ, ರಾಗ ಕಟ್ಟುವವರ ಪಾಲನ್ನು ರೇಡಿಯೋ, ಟಿವಿ, ಆ್ಯಪ್‌ಗಳಿಂದ ಸಂಗ್ರಹಿಸಿ ಕೊಡುತ್ತದೆ. ವಿತರಕರು ಕಳಿಸುವುದು ರೆಕಾರ್ಡಿಂಗ್‌ನ ದುಡ್ಡು, ಇದು ಬರವಣಿಗೆಯ ದುಡ್ಡು. ಎರಡೂ ಬೇರೆ ಬೇರೆ ಎಂಬುದೇ ನಮ್ಮ ಕಡೆ ಬಹಳ ಜನರಿಗೆ ತಿಳಿದಿಲ್ಲ.

ಸಾಹಿತ್ಯ: ಸ್ವಂತದ್ದಾ, ಕವಿಗಳದ್ದಾ, ಜನಪದದ್ದಾ?

ಮಲೆನಾಡಿನ ಹಾಡುಗಾರರಿಗೆ ಈ ಆಸೆ ಸಹಜ. ಕುವೆಂಪು ಅವರ ಊರು ಕುಪ್ಪಳಿ ನಮ್ಮ ಜಿಲ್ಲೆಯದ್ದೇ, ಅವರ ಕವಿತೆಗೆ ರಾಗ ಹಾಕೋಣ ಅನಿಸುತ್ತದೆ. ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣ ಅವರ ಉದಾಹರಣೆಯೂ ಕಣ್ಮುಂದೆ ಇರುತ್ತದೆ. ವಕೀಲಿ ಮಾಡುತ್ತಲೇ ಕವಿಗಳ ಸಾಲನ್ನು ಹಾಡಿ ಸುಗಮ ಸಂಗೀತದಲ್ಲಿ ಹೆಸರಾದವರು. ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗರು. ಬರೆಯದೆಯೂ ದೊಡ್ಡವರಾದರು.

ಆದರೆ ಇವತ್ತು ಆ್ಯಪ್‌ಗೆ ಹಾಡು ಹಾಕುವವರು ಲೆಕ್ಕ ಹಾಕಬೇಕು. ಸಾಹಿತ್ಯದ ಹಕ್ಕು ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಹಾಗಾದರೆ 2054ರ ಕೊನೆಯವರೆಗೆ ಅನುಮತಿ ಬೇಕು. ಶಿಕಾರಿಪುರದವರೇ ಆದ ಜಿ. ಎಸ್. ಶಿವರುದ್ರಪ್ಪನವರು ತೀರಿಕೊಂಡದ್ದು 2013ರಲ್ಲಿ, ಅಂದರೆ 2073. ಶಿಶುನಾಳ ಷರೀಫರು 1889ರಲ್ಲೇ ಹೋದವರು, ಅವರ ಪದಗಳಿಗೆ ಯಾರ ಅನುಮತಿಯೂ ಬೇಡ. ದಾಸರ ಪದ, ವಚನ ಎಲ್ಲವೂ ಹಾಗೆಯೇ. ಅಲ್ಲಮ, ಅಕ್ಕಮಹಾದೇವಿ ಇಬ್ಬರೂ ನಮ್ಮ ಶಿಕಾರಿಪುರದ ಸೀಮೆಯವರು. ಅಕ್ಕನ ವಚನಕ್ಕೆ ಗಿಟಾರ್ ಎಷ್ಟು ಚೆನ್ನಾಗಿ ಕೂರುತ್ತದೆ ಎಂದು ಹಾಡಿಯೇ ನೋಡಬೇಕು. ಒಂದು ಎಚ್ಚರಿಕೆ. ಸಾಹಿತ್ಯ ಎಲ್ಲರದ್ದಾದರೂ ಇತ್ತೀಚಿನವರು ಹಾಕಿದ ರಾಗ ಅವರದ್ದೇ. ನೀವು ಕೇಳಿ ಬೆಳೆದ ರಾಗ ಸಾಂಪ್ರದಾಯಿಕವೋ, ಯಾರೋ ಸಂಯೋಜಕರು ಮಾಡಿದ್ದೋ ಎಂದು ವಿಚಾರಿಸಿ. ಅನುಮಾನ ಇದ್ದರೆ ಹೊಸ ರಾಗ ಕಟ್ಟಿ.

ಜನಪದವೂ ಹಾಗೆ. ದೀಪಾವಳಿಯಲ್ಲಿ ದೀಪ ಹಿಡಿದು ಮನೆ ಮನೆಗೆ ಬರುವ ಅಂಟಿಗೆ ಪಂಟಿಗೆಯವರ ಹಾಡಿಗೆ ಕಾನೂನಿನ ಒಡೆಯರಿಲ್ಲ. ಆದರೆ ಯಾವ ಊರಿನ, ಯಾವ ತಂಡದವರಿಂದ ಕಲಿತಿರಿ ಎಂದು ಹಾಡಿನ ಕೆಳಗೆ ಬರೆಯಿರಿ. ದುಡ್ಡು ಬಂದರೆ ಅವರಿಗೂ ಕೊಡಿ. ಇದು ಕಾನೂನು ಹೇಳುವುದಲ್ಲ, ನಾನು ಹೇಳುವುದು.

ಸಿನಿಮಾ ಹಾಡಿನ ಕವರ್ ಬೇಗ ಜನರನ್ನು ಸೇರಿಸುತ್ತದೆ, ನಿಜ. ಯೂಟ್ಯೂಬ್‌ನಲ್ಲಿ ಸಾಮಾನ್ಯವಾಗಿ ವಿಡಿಯೋ ಉಳಿಯುತ್ತದೆ, ಜಾಹೀರಾತಿನ ದುಡ್ಡು ಹಕ್ಕುದಾರರಿಗೆ ಹೋಗುತ್ತದೆ. ಸ್ಪಾಟಿಫೈಗೆ ಅನುಮತಿ ಇಲ್ಲದೆ ಹಾಕಬೇಡಿ. ಮೂರು ಸ್ವಂತ ಹಾಡಿಗೆ ಒಂದು ಕವರ್ ಎಂಬ ಲೆಕ್ಕ ಇಟ್ಟುಕೊಂಡರೆ ಸಾಕು. ಕವರ್‌ಗಾಗಿ ಸೇರಿದ ಜನ ಮುಂದೆಯೂ ಕವರನ್ನೇ ಕೇಳುತ್ತಾರೆ.

ಬೆಂಗಳೂರಿಗೆ ಹೋಗುವುದು

ಶಿವಮೊಗ್ಗದಿಂದ ಬೆಂಗಳೂರು ಸುಮಾರು 300 ಕಿ.ಮೀ. ಜನಶತಾಬ್ದಿ ಹತ್ತಿದರೆ ಐದು ಗಂಟೆಯ ಆಸುಪಾಸು. ಪರಿಚಯ, ಒಳ್ಳೆಯ ಡ್ರಮ್ಮರ್‌ಗಳು, ಸಿನಿಮಾದ ಟ್ರ್ಯಾಕ್ (ಮುಖ್ಯ ಗಾಯಕರಿಗೆ ಮಾದರಿಯಾಗಿ ಮೊದಲೇ ಹಾಡಿಡುವುದು) ಹಾಡುವ ಅವಕಾಶ ಅಲ್ಲಿವೆ. ಬಾಡಿಗೆಯೂ ಇದೆ. ಬಾಡಿಗೆ ಕಟ್ಟಲು ಪಬ್‌ಗಳಲ್ಲಿ ವಾರಕ್ಕೆ ನಾಲ್ಕು ರಾತ್ರಿ ಹಿಂದಿ, ಇಂಗ್ಲಿಷ್ ಕವರ್ ಹಾಡುವಂತಾದರೆ, ಬಿಟ್ಟು ಬಂದ ಆರ್ಕೆಸ್ಟ್ರಾಕ್ಕೂ ಇದಕ್ಕೂ ಏನು ವ್ಯತ್ಯಾಸ? ಎಂಟ್ಹತ್ತು ಸ್ವಂತ ಹಾಡು ಕೈಯಲ್ಲಿ ಇಲ್ಲದೆ ಮನೆ ಬದಲಿಸಬೇಡಿ. ಅಲ್ಲಿಯ ತನಕ ಕೆಲಸವಿದ್ದಾಗ ಹೋಗಿ ಬನ್ನಿ.

ಯಾರೂ ಕೇಳದ ಎರಡು ದಾರಿ

ಒಂದು, ಭದ್ರಾವತಿ ಆಕಾಶವಾಣಿ. ಸುಗಮ ಸಂಗೀತದ ಧ್ವನಿಪರೀಕ್ಷೆಯಲ್ಲಿ ಪಾಸಾದರೆ ಬಿ ಗ್ರೇಡ್‌ನಿಂದ ಶುರು. ಆಮೇಲೆ ಬಿ ಹೈ, ಎ, ಟಾಪ್. ಸಂಭಾವನೆ ದೊಡ್ಡದಲ್ಲ. ಆದರೆ ಮೈಕಿನ ಮುಂದೆ ಒಂದು ಅಕ್ಷರವೂ ನುಂಗದೆ ಹಾಡುವ ಶಿಸ್ತು ಅಲ್ಲಿ ಬರುತ್ತದೆ. ತೋಟದ ಕೆಲಸ ಮಾಡುತ್ತಾ ರೇಡಿಯೋ ಕೇಳುವವರು ಇವತ್ತಿಗೂ ನಮ್ಮ ಕಡೆ ಇದ್ದಾರೆ. ಅವರು ಕೇಳುವುದು ಹಾಡನ್ನೇ, ಥಂಬ್‌ನೇಲ್ ನೋಡಲ್ಲ.

ಇನ್ನೊಂದು, ನಾಟಕ. ಇದು ನನಗೆ ಬಹಳ ಮೆಚ್ಚಿನ ದಾರಿ. 1949ರಲ್ಲಿ ಶುರುವಾದ ಹೆಗ್ಗೋಡಿನ ನೀನಾಸಮ್, ಶಿವಮೊಗ್ಗದ ರಂಗಾಯಣ, ಸಾಗರದ ಹವ್ಯಾಸಿ ತಂಡಗಳು ಇಷ್ಟು ಹತ್ತಿರ ಇರುವುದು ನಮ್ಮ ಭಾಗ್ಯ. ರಂಗಸಂಗೀತದಲ್ಲಿ ಹಾಡು ಕಥೆಯನ್ನು ಮುಂದೆ ತಳ್ಳಬೇಕು, ಸುಮ್ನೆ ನಿಲ್ಲುವಂತಿಲ್ಲ. ಹಾರ್ಮೋನಿಯಂ, ಒಂದು ಡೋಲು, ಆರು ಜನರ ಕೋರಸ್ ಅಷ್ಟರಲ್ಲೇ ಇಡೀ ಸಭಾಂಗಣ ತುಂಬಬೇಕು. ಒಂದು ನಾಟಕಕ್ಕೆ ರಾಗ ಹಾಕಿ ಬಂದವರ ಮುಂದಿನ ಹಾಡಿನಲ್ಲಿ ಮಾತು ಸ್ಪಷ್ಟವಾಗಿರುವುದನ್ನು ನಾನು ಗಮನಿಸಿದ್ದೇನೆ. ನಾಟಕಕ್ಕೆ ಮಾಡಿದ ರಾಗವನ್ನು ಮುಂದೆ ನಿಮ್ಮ ಆಲ್ಬಮ್‌ನಲ್ಲಿ ಬಳಸಬಹುದೇ ಎಂದು ತಂಡದವರನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ಹಾಗಾದರೆ ಯಾವುದು?

ಸ್ವಂತ ಹಾಡು ಎರಡೋ ಮೂರೋ ಇದ್ದರೆ ಆರ್ಕೆಸ್ಟ್ರಾ ಬಿಡಬೇಡಿ. ಬಿಟ್ಟರೆ ಮೈಕಿನ ಸಾಲ ತೀರಿಸುವ ದುಡ್ಡೂ ಇರಲ್ಲ, ಜನರ ಮುಂದೆ ನಿಲ್ಲುವ ಅಭ್ಯಾಸವೂ ತಪ್ಪುತ್ತದೆ. ಮಳೆಗಾಲದಲ್ಲಿ ಬರೆಯಿರಿ, ಜನವರಿಯಲ್ಲಿ ಹಾಡಿ.

ಬ್ಯಾಂಡ್ ಇದ್ದು ಎಲ್ಲರೂ ಊರಲ್ಲೇ ಇದ್ದರೆ ಬ್ಯಾಂಡನ್ನೇ ಹಿಡಿಯಿರಿ. ಅದು ಅಪರೂಪ, ಕೈಬಿಡಬೇಡಿ. ಪಾಲಿನ ಹಾಳೆ ಮಾತ್ರ ಇವತ್ತೇ ಮಾಡಿಕೊಳ್ಳಿ. ತೋಟ, ಕೆಲಸ, ಮನೆ ನೋಡಿಕೊಳ್ಳುವವರಿಗೆ ಒಬ್ಬರೇ ಮಾಡುವುದೇ ಸರಿಹೋಗುತ್ತದೆ. ರಾತ್ರಿ ಅಡಿಗೆ ಮನೆ ಕೆಲಸ ಮುಗಿಸಿ ರೆಕಾರ್ಡ್ ಮಾಡುವ ಗೃಹಿಣಿಯರ ಹಾಡು ಕೇಳಿದ್ದೇನೆ. ಅವರನ್ನು ಯಾವ ಆರ್ಕೆಸ್ಟ್ರಾದ ವೇಳಾಪಟ್ಟಿಯೂ ಒಳಗೆ ಬಿಟ್ಟುಕೊಂಡಿರಲಿಲ್ಲ. ಎಂಟ್ಹತ್ತು ಹಾಡು ಹೊರಬಂದು, ಪರಿಚಯವೇ ಇಲ್ಲದವರು ಅವನ್ನು ಕೇಳಿ ನಿಮಗೆ ಬರೆಯಲು ಶುರು ಮಾಡಿದರೆ ಆಗ ಟೀಮ್ ಬಿಡುವ ಮಾತಾಡಬಹುದು.

ಬಿಡುವಾಗ ಜಗಳ ಮಾಡಿಕೊಂಡು ಬಿಡಬೇಡಿ. ಒಪ್ಪಿಕೊಂಡ ಸೀಸನ್ ಮುಗಿಸಿಕೊಡಿ. ಅಡ್ವಾನ್ಸ್ ತೆಗೆದುಕೊಂಡ ಕಾರ್ಯಕ್ರಮಗಳಿಗೆ ಬದಲಿ ಹಾಡುಗಾರರನ್ನು ನೀವೇ ಹುಡುಕಿ, ಅವರಿಗೆ ನಿಮ್ಮ ಸ್ಕೇಲ್‌ಗಳ ಪಟ್ಟಿ ಕೊಡಿ. ನಿಮ್ಮ ಮೊದಲ ಸೋಲೋ ಕಾರ್ಯಕ್ರಮ ಕುವೆಂಪು ರಂಗಮಂದಿರದಲ್ಲೋ ಕಾಲೇಜಿನ ವಾರ್ಷಿಕೋತ್ಸವದಲ್ಲೋ ನಡೆಯುವ ದಿನ ಪ್ಯಾಡ್, ಕೀಬೋರ್ಡ್, ಸೌಂಡ್ಸ್ ಎಲ್ಲಕ್ಕೂ ನೀವು ಫೋನ್ ಮಾಡುವುದು ಇದೇ ಟೀಮಿನವರಿಗೇ. ಅವತ್ತು ಅವರಿಗೆ ಗೆಳೆತನದ ಲೆಕ್ಕ ಹೇಳದೆ ಪೂರ್ತಿ ಪೇಮೆಂಟ್ ಕೊಡಿ. ರೆಕಾರ್ಡಿಂಗ್ ಹೊರಬಂದರೆ ಅದರ ವಿವರದಲ್ಲಿ ನುಡಿಸಿದ ಒಬ್ಬೊಬ್ಬರ ಹೆಸರನ್ನೂ ವಾದ್ಯದ ಜೊತೆ ಬರೆಯಿರಿ.